ವಾಲಿ ಕೇಳಿದ್ದು, ಭೀಷ್ಮ ಎಣಿಸಿದ್ದು

ಕಾಸರಗೋಡಿನ ಕುಂಬಳೆಯಿಂದ ಒಳಕ್ಕೆ ಹೋದರೆ ಸಿಗುವ ಅನಂತಪುರದ ಮುರಕಲ್ಲಿನ ಬಯಲಲ್ಲಿ, ಸುಮಾರು 2 ಎಕ್ರೆಯ ಸರೋವರದ ನಡುವೆ, ಅನಂತಪದ್ಮನಾಭನ ಗುಡಿ ಇದೆ. ತಿರುವನಂತಪುರದ ದೇವರಿಗೆ ಇದೇ ಮೂಲಸ್ಥಾನ ಎಂಬುದು ಇಲ್ಲಿನ ನಂಬಿಕೆ. ಸ್ಥಳಪುರಾಣ ಚಿಕ್ಕದು. ತಪಸ್ಸು ಮಾಡುತ್ತಿದ್ದ ವಿಲ್ವಮಂಗಲ ಸ್ವಾಮಿಗಳ ಬಳಿಗೆ ಒಬ್ಬ ತೇಜಸ್ವಿ ಬಾಲಕ ಬರುತ್ತಾನೆ. ಅವಮಾನವಾಗದಷ್ಟು ಕಾಲ ಮಾತ್ರ ಇರುತ್ತೇನೆ ಎಂಬ ಷರತ್ತು ಹಾಕಿ ಪೂಜೆಗೆ ನೆರವಾಗಿ ನಿಲ್ಲುತ್ತಾನೆ. ದಿನ ಹೋದಂತೆ ತುಂಟಾಟ ಹೆಚ್ಚುತ್ತದೆ. ಒಮ್ಮೆ ಪೂಜೆಯ ಹೊತ್ತಿಗೇ ಅಡ್ಡಿ ಮಾಡಿದಾಗ ಸ್ವಾಮಿಗಳು ಅವನನ್ನು ಎಡಗೈಯಿಂದ ದೂಡುತ್ತಾರೆ. ಇನ್ನು ನನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಬಾಲಕ ಗುಹೆಯೊಳಗೆ ಮಾಯವಾಗುತ್ತಾನೆ. ಇಷ್ಟು ಕೇಳಿದವನ ಮನಸ್ಸಿನಲ್ಲಿ ಪ್ರಶ್ನೆಗಳು ಏಳದೆ ಇರವು. ಷರತ್ತು ಮುರಿದವರು ಯಾರು, ದೂಡಿದ ಮುನಿಯೋ, ದೂಡಿಸಿಕೊಳ್ಳಲೆಂದೇ ಅಡ್ಡಿ ಮಾಡಿದ ಬಾಲಕನೋ? ತಿರುವನಂತಪುರದಲ್ಲಿ ಇದೇ ಕಥೆ ಎರಡು ಪಾಠಗಳಲ್ಲಿದೆ. ಒಂದರಲ್ಲಿ ಮುನಿ ವಿಲ್ವಮಂಗಲ, ಇನ್ನೊಂದರಲ್ಲಿ ತುಳುನಾಡಿನಿಂದ ಹೋದ ದಿವಾಕರ ಮುನಿ. ಇಬ್ಬರೂ ಒಬ್ಬರೇ? ಅಲ್ಲಿ ಶೇಷನ ಮೇಲೆ ಮಲಗಿದ ದೇವರು ಇಲ್ಲಿ ಯಾಕೆ ಕುಳಿತಿದ್ದಾನೆ? ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತಾಗ ಇನ್ನೊಂದು ಪ್ರಶ್ನೆ ಎದ್ದಿತು. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಹಿಂದಿನ ಮೊಸಳೆಯನ್ನು ಕೊಂದಾಗ ಕೆಲವೇ ದಿನಗಳಲ್ಲಿ ಬಬಿಯಾ ಕಾಣಿಸಿತೆಂದು ಐತಿಹ್ಯವಿದೆ. ಹಾಗಾದರೆ 2023ರ ನವೆಂಬರಿನಲ್ಲಿ ಕಾಣಿಸಿಕೊಂಡ ಮೊಸಳೆಯನ್ನು ಹೊಸತೆನ್ನಬೇಕೇ, ಹಳೆಯದರ ಮುಂದುವರಿಕೆ ಎನ್ನಬೇಕೇ?

ಒಂದು ಕಥಾಲೋಕವನ್ನು ಗಾಢವಾಗಿ ಪ್ರೀತಿಸುವವರು ಅದರ ಸಂದುಗಳಲ್ಲಿ ಇಣುಕಿ ನೋಡುವುದು ಎಲ್ಲ ಕಡೆಯೂ ಇದೆ. ಇಂಗ್ಲಿಷಿನ ಜೆ. ಆರ್. ಆರ್. ಟೋಲ್ಕಿನ್ ಕಟ್ಟಿದ ಮಧ್ಯಭೂಮಿಯ ಓದುಗರು, ಅಲ್ಲಿನ ಓರ್ಕರು ಎಲ್ಲಿಂದ ಹುಟ್ಟಿದರು, ಟಾಮ್ ಬೊಂಬಡಿಲ್ ಎಂಬವನು ಯಾರು ಎಂದು ಇವತ್ತಿಗೂ ವಾದಿಸುತ್ತಾರೆ. ಕುಂಬಳೆ ಸೀಮೆಯ ವಿಶೇಷ ಬೇರೆ. ಇಂಥ ಪ್ರಶ್ನೆಗಳನ್ನು ಕೇಳಲಿಕ್ಕೆ ಈ ಸೀಮೆಯೂ ಅದರ ನೆರೆಹೊರೆಯೂ ಒಂದು ಸಾರ್ವಜನಿಕ ಕಲೆಯನ್ನೇ ಬೆಳೆಸಿಕೊಂಡವು: ತಾಳಮದ್ದಳೆ, ಊರವರ ಮಾತಿನಲ್ಲಿ ಕೂಟ. ಪುರಾಣವನ್ನು ಜನರಿಗೆ ಮುಟ್ಟಿಸಿದ ಸಾಧನವೆಂದು ಕೂಟವನ್ನು ಹೊಗಳುವುದು ರೂಢಿ. ಆ ಹೊಗಳಿಕೆ ಸಾಲದು. ಮುಟ್ಟಿಸುವ ಕೆಲಸವನ್ನು ಹರಿಕಥೆ ಮಾಡಿತು, ಪುರಾಣ ಪ್ರವಚನ ಮಾಡಿತು, ಯಕ್ಷಗಾನ ಬಯಲಾಟ ಇನ್ನೂ ಚೆನ್ನಾಗಿ ಮಾಡಿತು. ಕೂಟ ಮಾಡಿದ್ದು ವಿಚಾರಣೆ. ಪುರಾಣದೊಳಗೆ ಇತ್ಯರ್ಥವಾಗದೆ ಉಳಿದ ವ್ಯಾಜ್ಯಗಳನ್ನು ಹುಡುಕಿ ತೆಗೆದು, ಗೊತ್ತಾದ ಒಂದು ಕಟ್ಟಿನೊಳಗೆ, ತಿಳಿದವರ ಎದುರಿನಲ್ಲಿ ಮತ್ತೆ ಮತ್ತೆ ವಿಚಾರಿಸುವ ಪದ್ಧತಿಯಾಗಿ ಅದು ಬೆಳೆಯಿತು. ಆ ಕಟ್ಟು ಇದ್ದುದರಿಂದಲೇ ಇಲ್ಲಿ ಸಂಶಯ ನಿಂದೆಯಾಗಲಿಲ್ಲ, ಭಕ್ತಿಯೂ ಮೂಕವಾಗಲಿಲ್ಲ ಎಂಬುದು ಈ ಲೇಖನದ ವಾದ.

ಕಟ್ಟು ಯಾವುದೆಂದು ಮೊದಲು ನೋಡಬೇಕು. ಕೂಟಕ್ಕೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ; ಚೆಂಡೆ, ಮದ್ದಳೆ, ತಾಳದ ಹಿಮ್ಮೇಳವಿರುತ್ತದೆ; ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಪಾತ್ರವಾಗಿ ಅರ್ಥ ಹೇಳುತ್ತಾರೆ. ಪದ್ಯ ಪ್ರಸಂಗಕರ್ತನದು, ಅದನ್ನು ಮುಟ್ಟುವ ಹಾಗಿಲ್ಲ. ಅರ್ಥ ಮಾತ್ರ ಆಗಲೇ ಹುಟ್ಟಬೇಕಾದದ್ದು, ಅದನ್ನು ಯಾರೂ ಬರೆದುಕೊಟ್ಟಿಲ್ಲ. ಪದ್ಯದಲ್ಲಿ ಇರುವುದು ನಾಲ್ಕೈದು ಸಾಲು. ಅದರ ಮೇಲೆ ಏಳುವ ಸಂವಾದ ಅರ್ಧ ಗಂಟೆಯೂ ಆಗಬಹುದು, ಹಿಂದಿನ ಕಾಲದ ಇಡೀ ರಾತ್ರಿಯ ಕೂಟಗಳಲ್ಲಿ ಇನ್ನೂ ಹೆಚ್ಚು ಹೊತ್ತು ನಡೆಯುತ್ತಿತ್ತು. ಆದರೆ ಎಷ್ಟು ದೂರ ಹೋದರೂ ಮುಂದಿನ ಪದ್ಯ ಎತ್ತುವ ಹೊತ್ತಿಗೆ ಆ ಪದ್ಯ ಹೇಳುವ ನಿಲುವಿಗೆ ಪಾತ್ರ ಬಂದು ಸೇರಲೇಬೇಕು. ವಾದದಲ್ಲಿ ವಾಲಿ ಗೆದ್ದನೆಂದು ಬಾಣವನ್ನು ಹಿಂದಕ್ಕೆ ಕಳುಹಿಸಲಾಗದು. ಸಂಧಾನದಲ್ಲಿ ಕೃಷ್ಣನ ಮಾತು ಎಷ್ಟೇ ಸರಿಯಿರಲಿ, ಕೌರವ ಭೂಮಿ ಕೊಡಲಾಗದು. ತೀರ್ಪು ಮೊದಲೇ ಆಗಿದೆ. ಬಾಕಿ ಇರುವುದು ಆ ತೀರ್ಪಿಗೆ ಕಾರಣ, ಅದು ನ್ಯಾಯವೇ ಎಂಬ ಜಿಜ್ಞಾಸೆ. ತಾಳ ಮದ್ದಳೆಯ ಸೇವೆಗೆ ದತ್ತಿ ಬಿಟ್ಟ ಉಲ್ಲೇಖ ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದ 1556ರ ಶಾಸನದಲ್ಲೇ ಇದೆ. ಅಂದಿನ ಕಲಾಪದಲ್ಲಿ ಇಂದಿನಂತೆ ಅರ್ಥಗಾರಿಕೆ ಇತ್ತೆಂದು ಆ ಶಾಸನದಿಂದ ಹೇಳಲು ಬರುವುದಿಲ್ಲ. ಅರ್ಥಕ್ಕೆ ಇಷ್ಟು ಭಾರ ಬಂದದ್ದು ಕರಾವಳಿಯಲ್ಲಿ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ, ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ಮಳೆಗಾಲವಿಡೀ ಮನೆಯ ಚಾವಡಿ, ದೇವಸ್ಥಾನದ ಗೋಪುರ, ಶಾಲೆಯ ಜಗಲಿ ಇವೇ ಕೂಟದ ಜಾಗ. ಕಣ್ಣಿಗೆ ನೋಡಲು ಏನೂ ಇಲ್ಲದ ಕಡೆ ಮಾತಿಗೆ ಬೆಲೆ ಬರುವುದು ಸಹಜ.

ಇದು ವಿಚಾರಣೆಯೇ ಹೊರತು ನಿರೂಪಣೆಯಲ್ಲ ಎನ್ನುವುದಕ್ಕೆ ದೊಡ್ಡ ಸಾಕ್ಷಿ ಪ್ರಸಂಗಗಳ ಆಯ್ಕೆ. ಬಯಲಾಟಕ್ಕೆ ಯುದ್ಧ ಬೇಕು, ಮದುವೆ ಬೇಕು, ರಾಕ್ಷಸನ ಒಡ್ಡೋಲಗ ಬೇಕು. ಕ್ಷೇತ್ರಮಹಾತ್ಮೆಗಳೂ ಆಟದಲ್ಲಿ ಚೆನ್ನಾಗಿ ಏಳುತ್ತವೆ. ಕೂಟ ಆರಿಸಿಕೊಂಡದ್ದು ವಾಲಿಮೋಕ್ಷ, ಅಂಗದ ಸಂಧಾನ, ಕೃಷ್ಣ ಸಂಧಾನ, ಕರ್ಣಭೇದನ, ಭೀಷ್ಮ ವಿಜಯ, ಮಾಗಧ ವಧೆ. ಈ ಪಟ್ಟಿಯ ಪ್ರತಿಯೊಂದರಲ್ಲೂ ಎರಡು ಪಕ್ಷಗಳಿವೆ, ಎರಡೂ ಪಕ್ಷಕ್ಕೆ ಹೇಳಲಿಕ್ಕೆ ಏನೋ ಇದೆ, ಮೂಲಕಾವ್ಯ ಒಂದು ಪಕ್ಷದ ಬಾಯನ್ನು ಅರ್ಧಕ್ಕೇ ಮುಚ್ಚಿಸಿ ಮುಂದೆ ಹೋಗಿದೆ. ವನವಿಹಾರ, ಸ್ವಯಂವರಗಳಲ್ಲಿ ಇತ್ಯರ್ಥವಾಗಬೇಕಾದದ್ದು ಏನೂ ಇಲ್ಲ. ಕೂಟವೂ ಅವುಗಳ ಕಡೆಗೆ ಒಲಿಯಲಿಲ್ಲ. ಅನಂತಪುರದಂಥ ಸ್ಥಳಪುರಾಣಗಳಲ್ಲಿ ಪ್ರಶ್ನೆಗಳು ಎಷ್ಟೇ ಇರಲಿ, ಬಾಲಕ ಒಂದು ಮಾತು ಹೇಳಿ ಮಾಯವಾಗುತ್ತಾನೆ, ಎದುರು ಅರ್ಥಕ್ಕೆ ನಿಲ್ಲುವುದಿಲ್ಲ. ಭಕ್ತಿಕಥೆಗಳೇ ಬೇಕೆಂದಿದ್ದರೆ ಕುಂಬಳೆ ಸೀಮೆಯಲ್ಲಿ ಅವುಗಳಿಗೇನು ಬರವಿರಲಿಲ್ಲ. ಮಧೂರು, ಅಡೂರು, ಕಣಿಪುರ, ಮುಜುಂಗಾವು ಎಂಬ ಸೀಮೆಯ ನಾಲ್ಕು ಮುಖ್ಯ ದೇವಸ್ಥಾನಗಳಿಗೂ ಕಥೆಗಳಿವೆ. ಆದರೂ ಕೂಟದವರು ಹುಡುಕಿಕೊಂಡು ಹೋದದ್ದು ಜಗಳವಿರುವ ಕಡೆಗೆ.

ವಾಲಿಯ ಪ್ರಕರಣವನ್ನೇ ಬಿಡಿಸಿ ನೋಡೋಣ, ಏಕೆಂದರೆ ಪದ್ಧತಿಯ ಶಕ್ತಿ ಅಲ್ಲಿ ಪೂರ್ತಿ ಕಾಣುತ್ತದೆ. ಮರೆಯಲ್ಲಿ ನಿಂತು, ಇನ್ನೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ವಾಲ್ಮೀಕಿಯ ರಾಮ ಒಂದಲ್ಲ, ಹಲವು ಉತ್ತರ ಕೊಡುತ್ತಾನೆ. ಈ ಭೂಮಿ ಭರತನ ಆಳ್ವಿಕೆಗೆ ಸೇರಿದ್ದು, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡವನನ್ನು ಶಿಕ್ಷಿಸುವುದು ರಾಜಧರ್ಮ ಎಂಬುದು ಒಂದು. ನೀನು ಶಾಖಾಮೃಗ, ಮೃಗವನ್ನು ಮರೆಯಿಂದ ಬೇಟೆಯಾಡುವುದು ದೋಷವಲ್ಲ ಎಂಬುದು ಇನ್ನೊಂದು. ವಾಲಿಯ ಅರ್ಥಧಾರಿ ಹಿಡಿಯುವುದು ಈ ಎರಡರ ನಡುವಿನ ಬಿರುಕನ್ನು: ಮೃಗವಾದರೆ ದಾಂಪತ್ಯಧರ್ಮದ ದಂಡ ತಗಲದು; ದಂಡ ತಗಲುವಷ್ಟು ಧರ್ಮ ಬಲ್ಲವನಾದರೆ ಬೇಟೆಯ ನಿಯಮ ತಗಲದು. ಓದಿದ ವಾಲಿ ಇನ್ನೂ ಒಂದು ಹೆಜ್ಜೆ ಇಡುತ್ತಾನೆ. ಅದೇ ಕಿಷ್ಕಿಂಧಾಕಾಂಡದಲ್ಲಿ, ಅಣ್ಣ ಬಿಲದೊಳಗೆ ಸತ್ತನೆಂದು ತಿಳಿದು ರಾಜ್ಯ ಹಿಡಿದಾಗ ರುಮೆಯ ಜೊತೆಗೆ ತಾರೆಯೂ ತನಗೆ ದೊರೆತಳೆಂದು ಸುಗ್ರೀವನೇ ಹೇಳಿಕೊಳ್ಳುತ್ತಾನೆ. ಒಂದೇ ತೂಕದ ಅಪರಾಧಕ್ಕೆ ಒಬ್ಬನಿಗೆ ಬಾಣ, ಇನ್ನೊಬ್ಬನಿಗೆ ಪಟ್ಟವೇ? ರಾಮನ ಕಡೆಯವನು ಸುಮ್ಮನಿರುವುದಿಲ್ಲ. ಸತ್ತನೆಂಬ ನಂಬಿಕೆಯಿಂದ ಆದದ್ದೂ ಬದುಕಿದ್ದಾನೆಂದು ತಿಳಿದೇ ಮಾಡಿದ್ದೂ ಒಂದಲ್ಲ ಎನ್ನಬಹುದು. ಎದುರು ನಿಂತವರ ಅರ್ಧ ಬಲ ವಾಲಿಗೆ ಸೇರುತ್ತದೆಂಬ ವರವನ್ನು ಮುಂದೆ ಮಾಡಿ, ವರವನ್ನು ಗುರಾಣಿ ಮಾಡಿಕೊಂಡವನಿಗೆ ಸಮಯುದ್ಧದ ಮಾತೇಕೆ ಎನ್ನಬಹುದು. ಆಗ ಪ್ರಮಾಣದ ಪ್ರಶ್ನೆ ಏಳುತ್ತದೆ. ಅರ್ಧಬಲದ ವರ ಕಂಬನ ರಾಮಾಯಣದಲ್ಲಿ ಸ್ಪಷ್ಟವಾಗಿದೆ. ವಾಲ್ಮೀಕಿಯಲ್ಲಿರುವುದು ಇಂದ್ರ ಕೊಟ್ಟ ಚಿನ್ನದ ಮಾಲೆ, ವಾಲಿಯ ಪ್ರಾಣವನ್ನೂ ತೇಜಸ್ಸನ್ನೂ ಅದು ಕಾಯುತ್ತದೆ. ಯಾವ ಗ್ರಂಥದ ಮಾತು ಈ ಪ್ರಸಂಗದೊಳಗೆ ನಡೆಯುತ್ತದೆ? ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳು ಬಹುಮಟ್ಟಿಗೆ ತೊರವೆ ರಾಮಾಯಣದ ದಾರಿ ಹಿಡಿದವು ಎಂದಮೇಲೆ ವಾಲ್ಮೀಕಿಯನ್ನು ಎಷ್ಟರ ಮಟ್ಟಿಗೆ ಸಾಕ್ಷಿಗೆ ಕರೆಯಬಹುದು? ಕಥಾಲೋಕವೊಂದರ ಯಾವ ಪಾಠ ಅಧಿಕೃತ ಎಂಬ, ಎಲ್ಲ ದೇಶದ ಆಸಕ್ತರನ್ನೂ ಕಾಡುವ ಈ ಪ್ರಶ್ನೆ ಚಾವಡಿಯಲ್ಲಿ ಕುಳಿತ ಕೃಷಿಕನಿಗೂ ಮಾಸ್ತರರಿಗೂ ಹೊಸದಾಗಿರಲಿಲ್ಲ. ಇಷ್ಟೆಲ್ಲ ಆದಮೇಲೂ ವಾಲಿ ಕೊನೆಯಲ್ಲಿ ಅಂಗದನನ್ನು ಒಪ್ಪಿಸಿ ರಾಮನಿಗೆ ಕೈಮುಗಿಯುವ ಪದ್ಯ ಬಂದೇ ಬರುತ್ತದೆ. ವಾದಕ್ಕೆ ಬೀಗ ಹಾಕಿ ನಿಲ್ಲಿಸಿದ ಅರ್ಥಧಾರಿಗೆ ಆ ಪದ್ಯ ಪರೀಕ್ಷೆ. ತಾನು ಎತ್ತಿದ ಆಕ್ಷೇಪಕ್ಕೆ ತಾನೇ ಸಮಾಧಾನ ಹುಡುಕಿಕೊಂಡು ಶರಣಾಗತಿಗೆ ಬರಬೇಕು. ಬರಲಾಗದಿದ್ದರೆ ಅವನ ವಾಲಿ ಎಷ್ಟೇ ಚಪ್ಪಾಳೆ ಗಿಟ್ಟಿಸಲಿ, ಬಲ್ಲವರ ಎಣಿಕೆಯಲ್ಲಿ ಸೋತಂತೆ. ಕುಂಬಳೆ ಸೀಮೆಯಲ್ಲಿ 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಕೌರವ, ಮಾಗಧರನ್ನು ಜನ ಇವತ್ತಿಗೂ ನೆನೆಯುತ್ತಾರೆ. ಸೋಲಲೇಬೇಕಾದ ಪಾತ್ರಗಳಿಗೆ ಅವರು ಸೋಲಿನ ತನಕ ಒಯ್ಯುವ ಘನವಾದ ತರ್ಕ ಕೊಟ್ಟರು.

ಇನ್ನೊಂದು ಉದಾಹರಣೆ ಲೆಕ್ಕದ್ದು, ನನ್ನ ದೃಷ್ಟಿಯಲ್ಲಿ ಈ ಸೀಮೆಗೆ ವಿಶೇಷವಾಗಿ ಒಪ್ಪುವಂಥದ್ದು. ವಿರಾಟನ ಗೋವುಗಳನ್ನು ಹಿಡಿಯಲು ಬಂದ ಕೌರವಸೇನೆಯ ಎದುರಿಗೆ ಅರ್ಜುನ ಕಾಣಿಸಿಕೊಂಡಾಗ, ಹದಿಮೂರು ವರ್ಷದ ಅವಧಿ ಮುಗಿದಿತ್ತೋ ಇಲ್ಲವೋ? ಮುಗಿದಿರದಿದ್ದರೆ ಪಾಂಡವರು ಮತ್ತೆ 12 ವರ್ಷ ಕಾಡಿಗೆ ಹೋಗಬೇಕು, ಕುರುಕ್ಷೇತ್ರವೇ ನಡೆಯದು. ಸಂಶಯ ಎತ್ತುವವನು ದುರ್ಯೋಧನ. ವ್ಯಾಸಭಾರತದ ವಿರಾಟಪರ್ವದಲ್ಲಿ ಭೀಷ್ಮ ಕಾಲಗಣನೆಯನ್ನೇ ಬಿಡಿಸಿ ಉತ್ತರ ಹೇಳುತ್ತಾನೆ. ಐದೈದು ವರ್ಷಕ್ಕೆ ಎರಡು ಅಧಿಕಮಾಸಗಳು ಸೇರುತ್ತವೆ, ಆ ಲೆಕ್ಕದಲ್ಲಿ ಅವಧಿಗಿಂತ 5 ತಿಂಗಳು 12 ರಾತ್ರಿ ಹೆಚ್ಚೇ ಆಗಿದೆ ಎಂದು. ಅಂದರೆ ಅವನು ವರ್ಷವನ್ನು ಅಧಿಕಮಾಸ ಕಳೆದ ಹನ್ನೆರಡು ಚಾಂದ್ರಮಾಸಗಳೆಂದು ಹಿಡಿದಿದ್ದಾನೆ. ಅಂಥ 13 ವರ್ಷಗಳು ಸೌರಮಾನದ 13 ವರ್ಷಗಳಿಗಿಂತ ಸುಮಾರು 140 ದಿನ ಕಡಿಮೆ. ಸೂರ್ಯನ ಲೆಕ್ಕ ಹಿಡಿದರೆ ಕೌರವನ ಸಂಶಯಕ್ಕೆ ಬಲವಿದೆ, ಚಂದ್ರನ ಲೆಕ್ಕ ಹಿಡಿದರೆ ಭೀಷ್ಮನ ಮಾತೇ ಸರಿ. ಘಟ್ಟದ ಮೇಲಿನ, ಯುಗಾದಿಗೆ ವರ್ಷ ತೊಡಗುವ ಊರುಗಳಲ್ಲಿ ಇದು ಪಂಚಾಂಗದವರ ಸೂಕ್ಷ್ಮ ಅನ್ನಿಸಬಹುದು. ಕಾಸರಗೋಡಿನಲ್ಲಿ ವರ್ಷ ತೊಡಗುವುದು ಸೌರಮಾನದ ವಿಷುವಿಗೆ. ಪಗ್ಗು, ಬೇಶ ಎಂದು ಎಣಿಸುವ ತುಳು ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ನಡೆಯುತ್ತವೆ. ಅದೇ ಮನೆಯಲ್ಲಿ ಚೌತಿ, ಏಕಾದಶಿಗಳು ಚಾಂದ್ರ ತಿಥಿಯನ್ನೇ ಹಿಡಿಯುತ್ತವೆ. ಕೃಷ್ಣಾಷ್ಟಮಿಯಂತೂ ಸೌರದವರಿಗೊಂದು ದಿನ, ಚಾಂದ್ರದವರಿಗೊಂದು ದಿನವಾಗುವುದುಂಟು. ಎರಡು ಲೆಕ್ಕಗಳ ನಡುವೆ ಬಾಳುವ ಕೇಳುಗರಿಗೆ ಭೀಷ್ಮ–ಕೌರವರ ಈ ಜಗಳ ಪುಸ್ತಕದ ಮಾತಾಗಿ ಕೇಳಿಸದು. ಕೌರವನ ಅರ್ಥಧಾರಿ ಸಂಧಾನದ ಸಭೆಯಲ್ಲಿ ಈ ಒಂದು ಎಳೆ ಹಿಡಿದರೆ ಸಾಕು, ಪಾತ್ರದ ಹಟ ಬರೀ ಹಟವಾಗಿ ಉಳಿಯದೆ ಒಂದು ನಿಲುವಾಗುತ್ತದೆ.

ಟೋಲ್ಕಿನ್‌ನ ಓದುಗರ ಮಾತು ಎತ್ತಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರ ಪ್ರಶ್ನೆಗಳಿಗೆ ಬಹುಕಾಲ ಒಬ್ಬ ಕರ್ತೃ ಬದುಕಿದ್ದ. ಕಾಗದ ಬರೆದವರಿಗೆ ಅವನು ಉತ್ತರಿಸಿದ, ಆ ಪತ್ರಗಳು 1981ರಲ್ಲಿ ಪುಸ್ತಕವಾದುವು. ಟಾಮ್ ಬೊಂಬಡಿಲ್‌ನನ್ನು ಬೇಕೆಂದೇ ಒಗಟಾಗಿ ಬಿಟ್ಟಿದ್ದೇನೆ ಎಂದು ಅವನೇ ಬರೆದಿದ್ದ. ಮುಂದಿನ ದೊಡ್ಡ ಕೃತಿಗೆ ಹೊಂದುವಂತೆ ‘ದ ಹಾಬಿಟ್’ ಕಾದಂಬರಿಯ ಒಂದು ಅಧ್ಯಾಯವನ್ನೇ 1951ರ ಆವೃತ್ತಿಯಲ್ಲಿ ತಿದ್ದಿದ. ಹಳೆಯ ಪಾಠವನ್ನು ಕಥಾನಾಯಕ ಹೇಳಿದ ಸುಳ್ಳೆಂದು ಕಥೆಯೊಳಗೇ ಹೊಂದಿಸಿದ. ನಮ್ಮ ಪ್ರಸಂಗಲೋಕದಲ್ಲಿ ಕಾಗದ ಬರೆಯಲು ವಿಳಾಸವಿಲ್ಲ, ಪದ್ಯ ತಿದ್ದಲು ಅಧಿಕಾರ ಯಾರಿಗೂ ಇಲ್ಲ. ಆದ್ದರಿಂದ ಉತ್ತರದ ಹೊಣೆ ಪೂರ್ತಿ ಅರ್ಥಧಾರಿಯ ಮೇಲೆ ಬಿತ್ತು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. ಓದುಗ ಪಾತ್ರದ ಬಗ್ಗೆ ಮಾತನಾಡುತ್ತಾನೆ. ಕೂಟದಲ್ಲಿ ಪಾತ್ರವೇ ಮಾತನಾಡುತ್ತದೆ. ರಾಮ ಮಾಡಿದ್ದು ಸರಿಯೇ ಎಂದು ಹೊರಗೆ ನಿಂತು ಕೇಳುವುದು ಬೇರೆ, ಎದೆಗೆ ಬಾಣ ತಾಗಿ ಬಿದ್ದವನಾಗಿ ನಾನು ಎಂದು ಕೇಳುವುದು ಬೇರೆ. ಇಂದು ವಾಲಿಯಾದವನು ನಾಳೆಯ ಕೂಟದಲ್ಲಿ ರಾಮನಾಗಬೇಕಾಗಬಹುದು. ಇಂದು ತಾನು ಹಾಕಿದ ಗಂಟನ್ನು ನಾಳೆ ತಾನೇ ಬಿಡಿಸಬೇಕು. ಹೀಗಿರುವಾಗ ರಾಮನ ಪಕ್ಷ, ವಾಲಿಯ ಪಕ್ಷ ಎಂದು ಜನ ಒಡೆದು ಹೋಗಲು ಆಸ್ಪದ ಕಡಿಮೆ. ಶೇಣಿಯವರಿಗೆ ಮಲ್ಪೆಯ ಸಾಮಗ ಸಹೋದರರಂಥ ಎದುರಾಳಿಗಳು ಸಿಕ್ಕಿದ್ದರಿಂದಲೇ ಆ ಕಾಲದ ಕೂಟಗಳಿಗೆ ಅಷ್ಟು ಎತ್ತರ ಬಂತು. ಶೇಣಿ–ಸಾಮಗ ಎಂದು ಜೋಡಿಯಾಗಿಯೇ ಹೆಸರು ಹೇಳುವ ವಾಡಿಕೆ ಬೆಳೆದದ್ದು ಅದಕ್ಕೇ.

ಈ ಅಭ್ಯಾಸ ಕೂಟದ ಹೊರಗೂ ಹರಿಯಿತೆಂಬುದಕ್ಕೆ ಎರಡು ಕುರುಹುಗಳಿವೆ. ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯ (1914–1984) ಸ್ವತಃ ದೊಡ್ಡ ಅರ್ಥಧಾರಿ. ಮಹಾಭಾರತ ಯುದ್ಧದ ಹೊಣೆಗಾರರು ಯಾರೆಂದು ತನಿಖೆ ಮಾಡುವ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಕೃತಿ ಅವರದು. ಕೂಟದ ಒಳಗೆ ಅದುವರೆಗೆ ನಡೆಯುತ್ತಿದ್ದದ್ದು ಏನೆಂದು ಆ ಹೆಸರೇ ಹೇಳುತ್ತದೆ. ಇನ್ನೊಂದು, ಪಾರ್ತಿಸುಬ್ಬನ ವಿವಾದ. ಪಂಚವಟಿ, ವಾಲಿ ಸುಗ್ರೀವರ ಕಾಳಗ, ಉಂಗುರ ಸಂಧಿ, ಅಂಗದ ಸಂಧಾನ ಮೊದಲಾದ ರಾಮಾಯಣ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವು ಎಂದು ಮುಳಿಯ ತಿಮ್ಮಪ್ಪಯ್ಯನವರು 1945ರ ತಮ್ಮ ‘ಪಾರ್ತಿಸುಬ್ಬ’ದಲ್ಲಿ ವಾದಿಸಿದರು. ಸ್ತುತಿಪದ್ಯಗಳಲ್ಲಿ ಬರುವ ಕಣ್ವಪುರದ ಕೃಷ್ಣ ಕುಂಬಳೆ ಕಣಿಪುರದ ಗೋಪಾಲಕೃಷ್ಣನೇ ಎಂಬುದು ಈ ಪಕ್ಷದ ಮುಖ್ಯ ಆಧಾರ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ಅದನ್ನು ಒಪ್ಪದೆ ಬಡಗಿನ ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನ ಕಡೆಗೆ ಬೆರಳು ತೋರಿದರು. ಕುಕ್ಕಿಲ ಕೃಷ್ಣ ಭಟ್ಟರು 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಬಂದ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಸಂಪುಟದಲ್ಲಿ ಕುಂಬಳೆಯ ಪಕ್ಷವನ್ನು ಮತ್ತೆ ಕಟ್ಟಿದರು. ಸಾಕ್ಷಿ ಕುಂಬಳೆಯ ಕಡೆಗೇ ಹೆಚ್ಚು ವಾಲುತ್ತದೆಂಬುದು ನನ್ನ ಅಭಿಪ್ರಾಯ. ಬೇರೆ ಊರಿನ ಕವಿ ಕುಂಬಳೆಯ ದೇವರನ್ನು ಅಷ್ಟು ಒಲಿದು ಕರೆಯಲು ಕಾರಣ ಬೇಕಾಗುತ್ತದೆ. ಇದಕ್ಕಿಂತ ಗಮನಿಸಬೇಕಾದದ್ದು ವಾದದ ರೀತಿ. ಪದ್ಯವನ್ನು ಹಿಡಿದು, ಪದ್ಯ ಬಿಟ್ಟು ಕದಲದೆ, ಒಂದೊಂದು ಮಾತಿನ ಭಾರ ತೂಗುವ ಈ ಕ್ರಮವನ್ನು ಕರಾವಳಿಯ ಪಂಡಿತರಿಗೆ ಯಾವ ವಿಶ್ವವಿದ್ಯಾನಿಲಯವೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ, ಸಂವಿಧಾನವನ್ನು ತಿದ್ದಬಹುದು, ಅದರ ಮೂಲಸ್ವರೂಪವನ್ನು ಕೆಡಿಸಬಾರದು ಎಂದಿತು. ಆ ಸ್ವಾಮಿಗಳೇ ಭಾಗವತಿಕೆ ಮಾಡುತ್ತಿದ್ದವರು, ಕೂಟಗಳನ್ನು ಪೋಷಿಸಿದವರು. ಎರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ, ಆದರೂ ಈ ಸೀಮೆಯ ಕಥೆ ಹೇಳುವಾಗ ಆ ಮಾತನ್ನು ದಾಟಿ ಹೋಗಲು ಮನಸ್ಸು ಬಾರದು.

ಇದಕ್ಕೆ ಮೊದಲ ಆಕ್ಷೇಪ ಕೂಟದ ಬಲ್ಲವರಿಂದಲೇ ಬರುತ್ತದೆ. ವಿಚಾರಣೆ ಎಂದು ನೀವು ಕರೆಯುವುದು ಬಹಳ ಸಲ ಬರೀ ವಾಕ್ಸಮರ. ಎದುರಾಳಿಯನ್ನು ಕಟ್ಟಿಹಾಕುವ ಚಟ. ಪ್ರಸಂಗಕ್ಕೆ ಸಂಬಂಧವಿಲ್ಲದ ವಂಶಾವಳಿಯ ಪ್ರಶ್ನೆ ಎಸೆದು ಹೊಸಬರನ್ನು ತಬ್ಬಿಬ್ಬು ಮಾಡುವುದು. ಪೀಠಿಕೆಯಲ್ಲೇ ರಾತ್ರಿ ಕಳೆದು, ಕಥೆ ನಡೆಯದೆ ಬೆಳಗಾಗುವುದು. ಇದು ನಿಜ. ಕೂಟಗಳ ಇತಿಹಾಸದಲ್ಲಿ ಇಂಥ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಅವುಗಳನ್ನು ದೋಷವೆಂದು ಗುರುತಿಸಿದ್ದು ಯಾವ ಅಳತೆಗೋಲಿನಿಂದ ಎಂದು ನೋಡಬೇಕು. ಪದ್ಯ ಬಿಟ್ಟು ಹೋದ, ಪಾತ್ರದ ಔಚಿತ್ಯ ಕೆಟ್ಟಿತು, ಎದುರು ಅರ್ಥಕ್ಕೆ ಎಡೆ ಕೊಡಲಿಲ್ಲ ಎಂದು ಕೇಳುಗರು ದೂರುತ್ತಾರೆ. ದೂರುವ ಈ ಭಾಷೆಯೇ ನಿಯಮ ಇತ್ತೆಂಬುದಕ್ಕೆ ಸಾಕ್ಷಿ. ಡಾ. ಎಂ. ಪ್ರಭಾಕರ ಜೋಶಿಯವರಂಥ ಅರ್ಥಧಾರಿ ವಿಮರ್ಶಕರು ಕೂಟದ ಒಳಗಿದ್ದೇ ಅದರ ಗುಣದೋಷ ಬರೆದರು. ಒಂದು ಕಲೆಗೆ ತನ್ನೊಳಗಿಂದಲೇ ಅಂಥ ವಿಮರ್ಶೆ ಹುಟ್ಟುವುದು ಶಿಸ್ತು ಇದ್ದಾಗ ಮಾತ್ರ. ಅಳತೆಗೋಲು ಇದ್ದದ್ದು ಹೆಚ್ಚಾಗಿ ಕೇಳುಗರ ಕೈಯಲ್ಲಿ. ಪದ್ಯ ಬಾಯಿಪಾಠವಿದ್ದ, ಕುಮಾರವ್ಯಾಸನನ್ನೂ ಜೈಮಿನಿಯನ್ನೂ ಗಮಕಿಗಳ ಬಾಯಲ್ಲಿ ಕೇಳಿ ತಿಳಿದ ಹತ್ತು ಜನ ಎದುರಿಗಿದ್ದರೆ ಅರ್ಥಧಾರಿ ಇಲ್ಲದ ಶ್ಲೋಕವನ್ನು ಉಂಟುಮಾಡಿ ಹೇಳಲು ಧೈರ್ಯಪಡುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಮಧ್ಯಭೂಮಿ ಕಲ್ಪನೆ ಎಂದು ಅದರ ಓದುಗರಿಗೆ ಗೊತ್ತು. ರಾಮಕೃಷ್ಣರು ಇಲ್ಲಿನ ಕೇಳುಗರಿಗೆ ದೇವರು. ದೇವರ ನಡತೆಯನ್ನು ಕೂಟದಲ್ಲಿ ಜಾಲಾಡುವುದು ಶ್ರದ್ಧೆಗೆ ಪೆಟ್ಟಲ್ಲವೇ? ಅನುಭವ ಹೇಳುವುದು ಬೇರೆ. ತಾಳಮದ್ದಳೆಯನ್ನು ಸೇವೆಯಾಗಿ ಆಡಿಸಿದವರು ದೇವಸ್ಥಾನಗಳು, ಮಠಗಳು, ಭಕ್ತರ ಮನೆಗಳು. ಗಣಪತಿಯ ಸ್ತುತಿಯಿಂದ ತೊಡಗಿ ಮಂಗಳಕ್ಕೆ ಮುಗಿಯುವ ಕಲಾಪದ ನಡುವೆ ವಾಲಿ ರಾಮನನ್ನು ನಿಲ್ಲಿಸಿ ಕೇಳುತ್ತಾನೆ. ಆ ಪ್ರಶ್ನೆ ಹೊರಗಿನಿಂದ ತಂದದ್ದಲ್ಲ, ವಾಲ್ಮೀಕಿಯೇ ವಾಲಿಯ ಬಾಯಲ್ಲಿ ಇಟ್ಟದ್ದು. ಭಾರತವಂತೂ ಪ್ರಶ್ನೆಗಳ ಮೇಲೆಯೇ ನಡೆಯುತ್ತದೆ. ಸಭೆಗೆ ಎಳೆದು ತಂದ ದ್ರೌಪದಿ ಕೇಳಿದ್ದಕ್ಕೆ ಭೀಷ್ಮನಿಂದಲೂ ಸರಿಯಾದ ಉತ್ತರ ಬರಲಿಲ್ಲ. ಕೂಟ ಮಾಡಿದ್ದು ಈ ಪ್ರಶ್ನೆಗಳನ್ನು ಸಂಸ್ಕೃತ ಬಲ್ಲವರ ಕೈಯಿಂದ ಬಿಡಿಸಿ, ಕನ್ನಡದಲ್ಲಿ, ಎಲ್ಲರೂ ಕೇಳುವ ಜಾಗಕ್ಕೆ ತಂದದ್ದು. ಆ ಕನ್ನಡವೂ ವಿಚಾರ ಮಾಡತಕ್ಕದ್ದು. ತುಳು, ಮಲೆಯಾಳ, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ ಎಂದು ಮನೆಗೊಂದು ಮಾತಿರುವ ಸೀಮೆಯಲ್ಲಿ ಕೂಟದ ಗ್ರಂಥಸ್ಥ ಕನ್ನಡ ಯಾರ ಮನೆಯ ಮಾತೂ ಅಲ್ಲ. ಯಾರಿಗೂ ಸ್ವಂತವಲ್ಲದ್ದರಿಂದ ಎಲ್ಲರಿಗೂ ವಿಚಾರಣೆಯ ಭಾಷೆಯಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ಕಚೇರಿಯ ಭಾಷೆ ಮೆಲ್ಲಗೆ ಮಲೆಯಾಳವಾಗುತ್ತ ಹೋದಾಗ, ಕನ್ನಡದಲ್ಲಿ ದೀರ್ಘವಾಗಿ, ಕಾರಣ ಕೊಟ್ಟು, ಎದುರು ಮಾತಿಗೆ ಉತ್ತರಿಸುತ್ತ ಮಾತನಾಡುವ ಜಾಗವಾಗಿ ಶಾಲೆಯ ಜೊತೆಗೆ ಕೂಟವೂ ಉಳಿಯಿತು. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು ಕಟ್ಟಿದ ಕಲಾಸಂಘದಂಥವು ಹಳ್ಳಿಹಳ್ಳಿಯಲ್ಲಿ ಅರ್ಥಧಾರಿಗಳನ್ನು ತಯಾರು ಮಾಡಿದವು.

ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಅದರಲ್ಲಿ ಸತ್ಯದ ಅಂಶ ದೊಡ್ಡದು. ಗ್ರಂಥ ಓದಲು ಬಿಡುವೂ ಅವಕಾಶವೂ ಇದ್ದ ಜಾತಿಗಳ ಗಂಡಸರೇ ಬಹುಕಾಲ ಈ ಪೀಠದಲ್ಲಿ ಕುಳಿತರು. ಇದೇ ಮಣ್ಣಿನ ಇನ್ನೊಂದು ಮಹಾಲೋಕ, ಪಾಡ್ದನಗಳ ದೈವಲೋಕ, ಕೂಟದ ವಿಚಾರಣೆಗೆ ಬರಲೇ ಇಲ್ಲ ಎನ್ನಬಹುದು. ಆ ಲೋಕದ ವೀರರಾದ ಕೋಟಿ ಚೆನ್ನಯರು ಕಳೆದ ಶತಮಾನದಲ್ಲಿ ತುಳು ಪ್ರಸಂಗಗಳಾಗಿ ಆಟದ ರಂಗಕ್ಕೆ ಬಂದರು, ಆದರೆ ಅವರ ಕಥೆಯ ಪೆರುಮಳ ಬಲ್ಲಾಳನ ನ್ಯಾಯವನ್ನು ರಾಮನ ನ್ಯಾಯದಷ್ಟು ಆಳವಾಗಿ ತೂಗುವ ಸಂಪ್ರದಾಯ ಬೆಳೆಯಲಿಲ್ಲ. ದೈವದ ನುಡಿಗೆ ಎದುರು ಅರ್ಥವಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಕೂಟ ತೆರೆದ ಸ್ವಾತಂತ್ರ್ಯ ಹೀಗೆ ಒಂದು ಬಗೆಯ ಪುರಾಣಕ್ಕಷ್ಟೇ ಮೀಸಲಾಗಿತ್ತೆಂದು ಒಪ್ಪಲೇಬೇಕು. ಆದರೆ ಪೀಠಕ್ಕೆ ಬೇಕಾದದ್ದು ಪದ್ಯದ ಅರಿವೂ ಮಾತಿನ ಬಲವೂ ಎಂಬ ನಿಯಮ ಇದ್ದುದರಿಂದ, ಅವೆರಡನ್ನೂ ಗಳಿಸಿಕೊಂಡು ಬಂದವರನ್ನು ಹೊರಗಿಡಲು ಕೂಟಕ್ಕೆ ತನ್ನದೇ ಆದ ಕಾರಣ ಸಿಗಲಿಲ್ಲ. ಹಾಗೆ ಬಂದ ಕುಂಬಳೆ ಸುಂದರ ರಾವ್ ಪ್ರಾಸಬದ್ಧ ಮಾತಿನಿಂದ ಹೆಸರಾದರು. 1994ರಲ್ಲಿ ಸುರತ್ಕಲ್ಲಿನಿಂದ ವಿಧಾನಸಭೆಗೂ ಹೋದರು. ಸಂಪಾಜೆಯ ಜಬ್ಬಾರ್ ಸಮೊ ಇಂದಿನ ಮುಂಚೂಣಿಯ ಅರ್ಥಧಾರಿಗಳಲ್ಲಿ ಒಬ್ಬರು. ಅವರ ಅರ್ಥವನ್ನು ಕೇಳುಗರು ತೂಗುವುದು ಅದೇ ಪದ್ಯದ ತಕ್ಕಡಿಯಲ್ಲಿ.

1980ರ ದಶಕದಿಂದ ಧ್ವನಿಸುರುಳಿಗಳು ಬಂದು ದೊಡ್ಡ ಕೂಟಗಳು ಮನೆಮನೆಯಲ್ಲಿ ಕೇಳಿಸತೊಡಗಿದವು. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಒಂದೇ ವಾಲಿಯನ್ನು ಹತ್ತು ಸಲ ಕೇಳಿ ಹೋಲಿಸುವ ಕೇಳುಗ ಹುಟ್ಟಿದ; ಆದರೆ ಹೊಸ ಅರ್ಥಧಾರಿಯ ಬಾಯಲ್ಲಿ ಶೇಣಿಯವರದೇ ವಾದ ಪಾಠವಾಗಿ ಬರತೊಡಗಿತು, ಆ ಹೊತ್ತಿಗೆ ಹುಟ್ಟಬೇಕಾದ ಅರ್ಥ ಎರಡನೆಯ ಪದ್ಯದಂತೆ ಗಟ್ಟಿಯಾಯಿತು. ಮೂರು ಗಂಟೆಯ ಕಾಲಮಿತಿ ಹರಟೆಯನ್ನು ಕತ್ತರಿಸಿತು ನಿಜ, ಲೆಕ್ಕಾಚಾರದ ವಾದಗಳಿಗೂ ಎಡೆ ಉಳಿಸಲಿಲ್ಲ. ಭೀಷ್ಮನ ಅಧಿಕಮಾಸವನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದು. ಮಳೆಗಾಲದ ಸಪ್ತಾಹಗಳು ಕಡಿಮೆಯಾಗಿಲ್ಲ, ಕಡಿಮೆಯಾಗಿರುವುದು ಮೂಲವನ್ನು ತಾವೇ ಓದಿಕೊಂಡು ಬಂದ ಕೇಳುಗರು.

ಈ ಪದ್ಧತಿಗೆ ಇನ್ನೂ ಜೀವವಿದೆಯೆಂದು ತೋರಿಸುತ್ತಿರುವವರು ನನ್ನ ಮಟ್ಟಿಗೆ ಮಹಿಳಾ ತಾಳಮದ್ದಳೆಯ ತಂಡಗಳು. ಭೀಷ್ಮ ವಿಜಯವನ್ನೇ ತೆಗೆದುಕೊಳ್ಳಿ. ಗೆದ್ದು ತಂದ ಅಂಬೆಯನ್ನು ವರಿಸಲು ಭೀಷ್ಮನಿಗೆ ಪ್ರತಿಜ್ಞೆ ಅಡ್ಡ. ಇನ್ನೊಬ್ಬ ಗೆದ್ದವಳೆಂದು ಸಾಲ್ವ ಒಲ್ಲೆನೆನ್ನುತ್ತಾನೆ. ಗುರು ಪರಶುರಾಮನ ಆಜ್ಞೆಯನ್ನೂ ಭೀಷ್ಮ ಪಾಲಿಸುವುದಿಲ್ಲ. ಮೂರು ಕಡೆಯೂ ಧರ್ಮದ ಮಾತೇ, ಅಂಬೆಗೆ ನಿಲ್ಲಲು ನೆಲವಿಲ್ಲ. ಗಂಡಸರ ಕೂಟದಲ್ಲಿ ಈ ಪ್ರಸಂಗದ ತಿರುಳು ಬಹಳ ಸಲ ಪ್ರತಿಜ್ಞೆ ದೊಡ್ಡದೋ ಗುರುವಿನ ಮಾತು ದೊಡ್ಡದೋ ಎಂಬಲ್ಲಿಗೆ ಸರಿಯುತ್ತಿತ್ತು. ಭೀಷ್ಮನಿಗೂ ಅಂಬೆಗೂ ಇಬ್ಬರು ಹೆಂಗಸರೇ ಅರ್ಥ ಹೇಳುವಾಗ ಅದೇ ಪದ್ಯಗಳ ಮೇಲೆ ಬೇರೆ ವ್ಯಾಜ್ಯ ನಡೆಯಲು ಸಾಧ್ಯವಿದೆ: ತಮ್ಮನಿಗಾಗಿ ಹೆಣ್ಣು ತರಲು ಹೊರಟವನು, ಇವಳ ಮನಸ್ಸು ಎಲ್ಲಿದೆ ಎಂದು ರಥ ಹತ್ತಿಸುವ ಮೊದಲೇ ಏಕೆ ಕೇಳಲಿಲ್ಲ? ಮಹಾಭಾರತದ ಅಂಬೆ ಸಾಲ್ವನ ವಿಷಯ ಹೇಳುವುದು ಹಸ್ತಿನಾವತಿಗೆ ಬಂದಮೇಲೆ. ದಾರಿಯಲ್ಲಿ ಅವಳು ಏಕೆ ಸುಮ್ಮನಿದ್ದಳು ಎಂಬುದಕ್ಕೆ ಭೀಷ್ಮನ ಅರ್ಥಧಾರಿಣಿಯೂ ಅಂಬೆಯ ಅರ್ಥಧಾರಿಣಿಯೂ ಒಂದೇ ಉತ್ತರ ಕೊಡಲಾರರು.